ಇಲ್ಲದ ಊರಿಗೆ ಎಲ್ಲಿಯ ವಿಭಕ್ತಿ?

ಫ್ಯಾಂಟಸಿ ಬರೆಯುವ ಓದುಗರಿಂದ ಬಂದ ಪತ್ರಗಳಲ್ಲಿ ಬಹುಪಾಲು ಊರು, ನಾಡು, ನದಿ, ಕಾಡುಗಳ ಹೆಸರಿನ ತಕರಾರುಗಳೇ. ಹೀಗಾಗಿ ಈ ಸಲದ ಪ್ರಶ್ನೋತ್ತರವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಚಿಕ್ಕದು ಮಾಡಿದ್ದೇವೆ.

ಪ್ರಶ್ನೆ: ನನ್ನ ಕಾದಂಬರಿಯ ರಾಜಧಾನಿ 'ವೆಲಾರಾ'. ಒಂದು ಅಧ್ಯಾಯದಲ್ಲಿ 'ವೆಲಾರಾಗೆ ಹೊರಟರು' ಎಂದಿದೆ, ಇನ್ನೊಂದರಲ್ಲಿ 'ವೆಲಾರಾಕ್ಕೆ', ಮತ್ತೊಂದರಲ್ಲಿ 'ವೆಲಾರಕ್ಕೆ'. ಯಾವುದು ಸರಿ?

ಉತ್ತರ: ಮೂರಕ್ಕೂ ಬಳಕೆಯ ಬೆಂಬಲವಿದೆ. ಪತ್ರಿಕೆಗಳನ್ನೇ ನೋಡಿ: 'ಗೋವಾಗೆ', 'ಗೋವಾಕ್ಕೆ' ಎರಡೂ ಸಿಗುತ್ತವೆ, 'ಅಮೆರಿಕಾಗೆ' ಎನ್ನುವವರ ಪಕ್ಕದಲ್ಲೇ 'ಅಮೆರಿಕಕ್ಕೆ' ಎನ್ನುವವರೂ ಇದ್ದಾರೆ. ತೊಡಕೆಲ್ಲ ಹೆಸರಿನ ಕೊನೆಯ ದೀರ್ಘಸ್ವರದ್ದು. ಹೂ, ಬಾ ಥರದ ಒಂದಕ್ಷರದ ಪದಗಳನ್ನು ಬಿಟ್ಟರೆ ಕನ್ನಡದ ಸ್ವಂತ ಪದಗಳು ದೀರ್ಘದಲ್ಲಿ ಮುಗಿಯುವುದು ತೀರಾ ಕಡಿಮೆ. ಕೊನೆಯಲ್ಲಿ ದೀರ್ಘ ಕೇಳಿಸಿದರೆ ನಮ್ಮ ಕಿವಿ ಅದಕ್ಕೆ ಬೇರೆಯೇ ಕೆಲಸ ಹಚ್ಚುತ್ತದೆ: 'ಆ' ಬಂದರೆ ಪ್ರಶ್ನೆ, 'ಊ' ಬಂದರೆ 'ಅದು ಸಹ', 'ಏ' ಬಂದರೆ ಒತ್ತು, 'ಓ' ಬಂದರೆ ಅನುಮಾನ. 'ನಿಮ್ಮೂರು ವೆಲಾರಾ?' ಎಂಬ ಮಾತಿನಲ್ಲಿ ಕೊನೆಯ 'ಆ' ಹೆಸರಿನದೋ ಪ್ರಶ್ನೆಯದೋ ಹೇಳುವುದು ಹೇಗೆ?

ಹಳಬರು ಇದಕ್ಕೆ ದಾರಿ ಮಾಡಿಟ್ಟಿದ್ದಾರೆ. ಸಂಸ್ಕೃತದ ಅಯೋಧ್ಯಾ ಕನ್ನಡಕ್ಕೆ ಬಂದು ಅಯೋಧ್ಯೆಯಾಯಿತು, ಲಂಕಾ ಲಂಕೆಯಾಯಿತು, ಮಥುರಾ ಮಥುರೆಯಾಯಿತು, ಕಾಶೀ ಕಾಶಿಯಾಯಿತು. ಅದೇ ಜಾಡಿನಲ್ಲಿ ನಿಮ್ಮ ಊರು 'ವೆಲಾರೆ' ಆಗಬಹುದು, ಇಲ್ಲವೇ ಹ್ರಸ್ವ ಮಾಡಿ 'ವೆಲಾರ' ಎನ್ನಬಹುದು. 'ವೆಲಾರೆಗೆ ಹೊರಟರು', 'ವೆಲಾರೆಯಲ್ಲಿ ಇಳಿದರು' ಎಂದಾಗ ಓದುಗ ಎಲ್ಲಿಯೂ ಎಡವುವುದಿಲ್ಲ. 'ವೆಲಾರಾ'ವನ್ನು ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ 'ವೆಲಾರಾಕ್ಕೆ' ಇಟ್ಟುಕೊಳ್ಳಿ. ಸಪ್ತಮಿಯಲ್ಲಿ ಹೇಗೂ 'ವೆಲಾರಾದಲ್ಲಿ' ಎಂದು ದಕಾರ ಬರುತ್ತದೆ. 'ಮರದಲ್ಲಿ, ಮರಕ್ಕೆ' ಎಂಬಂತೆ ದಕಾರಕ್ಕೂ 'ಕ್ಕೆ'ಗೂ ಹಳೆಯ ಜೋಡಿ. ಒಂದನ್ನು ಆರಿಸಿದ ಮೇಲೆ ಪುಸ್ತಕದುದ್ದಕ್ಕೂ ಅದೇ ಇರಲಿ.

ಇಲ್ಲಿ ಎಲ್ಲ ಪತ್ರಗಳಿಗೂ ಅನ್ವಯಿಸುವ ಮಾತೊಂದಿದೆ. ಹೆಸರನ್ನು ಪ್ರಥಮಾ ವಿಭಕ್ತಿಯಲ್ಲಿ, ಅಂದರೆ ಬರೀ ಹೆಸರಾಗಿ, ಆರಿಸಬೇಡಿ; ಚತುರ್ಥಿ ('ಗೆ', 'ಕ್ಕೆ') ಮತ್ತು ಸಪ್ತಮಿಯಲ್ಲಿ ('ಅಲ್ಲಿ') ಆರಿಸಿ. ನಕ್ಷೆಯ ಮೇಲೆ ಹೆಸರು ಒಂಟಿಯಾಗಿ ನಿಲ್ಲುತ್ತದೆ, ನಿಜ. ಕಥೆಯೊಳಗೆ ಜನ ಊರಿಗೆ ಹೋಗುತ್ತಾರೆ, ಊರಿಂದ ಬರುತ್ತಾರೆ, ಊರಲ್ಲಿ ಇರುತ್ತಾರೆ. ಅಲ್ಲಿ ಬಾಲವಿಲ್ಲದ ಹೆಸರು ಅಪರೂಪ. ಹೊಸ ಹೆಸರು ಹೊಳೆದ ಕೂಡಲೇ ಐದು ರೂಪ ಬರೆದು ಗಟ್ಟಿಯಾಗಿ ಓದಿ: ಅನ್ನು, ಇಂದ, ಗೆ, ಅ, ಅಲ್ಲಿ. ಅಕಾರಾಂತಕ್ಕೆ 'ಅನ್ನು' ಬಂದಾಗ ವಕಾರ, 'ಗೆ' ಬರುವಲ್ಲಿ 'ಕ್ಕೆ', ಉಳಿದೆಡೆ ದಕಾರ ಸೇರುತ್ತದೆ: ಮಗಧವನ್ನು, ಮಗಧದಿಂದ, ಮಗಧಕ್ಕೆ, ಮಗಧದ, ಮಗಧದಲ್ಲಿ. ಇಕಾರಾಂತ, ಎಕಾರಾಂತಗಳಿಗೆ ಯಕಾರ ಸೇರುತ್ತದೆ, ಚತುರ್ಥಿಯಲ್ಲಿ ಮಾತ್ರ ಇಲ್ಲ: ಕಾಶಿಯನ್ನು, ಕಾಶಿಯಿಂದ, ಕಾಶಿಗೆ, ಕಾಶಿಯ, ಕಾಶಿಯಲ್ಲಿ. ಇವೆರಡು ಗುಂಪಿನ ಹೆಸರುಗಳು ಬರೆಯುವವರಿಗೆ ತೊಂದರೆ ಕೊಡುವುದಿಲ್ಲ. ನಾಯಕ ಹತ್ತಾರು ಸಲ ಹೋಗಿ ಬರುವ ಊರಿಗೆ ಇವುಗಳಲ್ಲೇ ಒಂದನ್ನು ಕೊಡಿ.

ಈ ಪರೀಕ್ಷೆಯಿಂದ ಇನ್ನೊಂದು ಉಪಕಾರವೂ ಉಂಟು. ಕತ್ತಲೆಯ ಕೋಟೆಗೆ 'ಮೋರ್' ಎಂಬ ಹೆಸರು ಗಂಭೀರವಾಗಿಯೇ ಕೇಳುತ್ತದೆ. 'ಸೇನೆ ಮೋರಿಗೆ ಇಳಿಯಿತು' ಎಂದು ಬರೆದ ಮೇಲೆ ಆ ಗಾಂಭೀರ್ಯ ಚರಂಡಿ ಪಾಲು. 'ಕೋಳ್' ಎಂಬ ಬೆಟ್ಟದ ಚತುರ್ಥಿ 'ಕೋಳಿಗೆ'. ಪ್ರಥಮೆಯಲ್ಲಿ ಅಡಗಿ ಕುಳಿತ ಇಂಥ ನಗೆಪಾಟಲು ಪ್ರತ್ಯಯ ಹತ್ತಿದಾಗಲೇ ಹೊರಬೀಳುವುದು.

ಪ್ರಶ್ನೆ: 'ತಮರು' ಎಂಬ ನಾಡು. ನಾನು 'ತಮರುವಿಗೆ' ಎಂದು ಬರೆದರೆ ಗೆಳೆಯರು 'ತಮರಿಗೆ' ಎಂದು ತಿದ್ದುತ್ತಾರೆ.

ಉತ್ತರ: ಗೆಳೆಯರ ಕಿವಿ ಸರಿಯಾಗಿದೆ. ಕನ್ನಡದಲ್ಲಿ ಕೊನೆಯ ಉಕಾರ ಎರಡು ಬಗೆ. ಊರು, ಕಾಲು, ಕಲ್ಲು, ಹೆಸರು, ಹಡಗು ಇವುಗಳ ಉಕಾರ ಉಚ್ಚಾರಣೆಯ ಅನುಕೂಲಕ್ಕೆ ಸೇರಿಕೊಂಡದ್ದು. ಪ್ರತ್ಯಯ ಬಂದೊಡನೆ ಜಾಗ ಬಿಡುತ್ತದೆ: ಊರಿಗೆ, ಹೆಸರಿಗೆ, ಹಡಗಿಗೆ. ಗುರು, ಮಗು, ಹಸು, ಮಡು ಇವುಗಳದ್ದು ಗಟ್ಟಿ ಉಕಾರ; ಅದು ಉಳಿದು ವಕಾರವನ್ನು ಕರೆತರುತ್ತದೆ: ಗುರುವಿಗೆ, ಮಡುವಿನಲ್ಲಿ. ಅಂದಾಜಿಗೊಂದು ಸೂತ್ರ: ಎರಡೇ ಅಕ್ಷರ, ಎರಡೂ ಹ್ರಸ್ವ, ನಡುವೆ ಒತ್ತಿಲ್ಲ ಎಂದಾದರೆ ಉಕಾರ ನಿಲ್ಲುತ್ತದೆ. ಮೊದಲ ಅಕ್ಷರ ದೀರ್ಘವಾಗಿದ್ದರೆ, ಒತ್ತಕ್ಷರವಿದ್ದರೆ, ಅಥವಾ ಮೂರಕ್ಷರವಾದರೆ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ವಸ್ತು, ಹಿಂದೂ ಮೊದಲಾದ ಹೊರಗಿನ ಪದಗಳು ಈ ಸೂತ್ರಕ್ಕೆ ಬಗ್ಗುವುದಿಲ್ಲ.

ಆದ್ದರಿಂದ 'ತಮರಿಗೆ', 'ತಮರಿನಲ್ಲಿ'. ವಕಾರ ಬೇಕೇಬೇಕು ಎಂದಿದ್ದರೆ ಹೆಸರನ್ನು 'ತಮು' ಎಂದು ಕಿರಿದು ಮಾಡಿ: 'ತಮುವಿಗೆ'. ಉಕಾರ ಉಳಿಯಲಿ ಎಂದು 'ತಮರೂ' ಎಂದು ದೀರ್ಘ ಎಳೆಯಬೇಡಿ. 'ತಮರೂ ಸೋತಿತು' ಎಂದರೆ ಬೇರೆ ಯಾವ ನಾಡು ಸೋತಿತ್ತು ಎಂದು ಓದುಗ ಹಿಂದಿನ ಪುಟ ತಿರುವುತ್ತಾನೆ.

ಪ್ರಶ್ನೆ: ವ್ಯಂಜನದಲ್ಲಿ ಮುಗಿಯುವ ಹೆಸರುಗಳು ಇಷ್ಟ: 'ಓರ್ಮಾನ್', 'ಕೆಲ್ದಿನ್'. ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡದ್ದು ಅಚ್ಚಿನಲ್ಲಿ ಕೆಡುತ್ತಿದೆ.

ಉತ್ತರ: ಬರೆಯಲು ಎರಡು ಕ್ರಮಗಳಿವೆ. ಮೊದಲನೆಯದು ಹೆಸರನ್ನು ಕನ್ನಡದ ಉಕಾರಾಂತಗಳ ಸಾಲಿಗೆ ಎಳೆದುಕೊಳ್ಳುವುದು. ಕೊನೆಯ ಸ್ವರ ದೀರ್ಘವಾಗಿದ್ದರೆ ವ್ಯಂಜನ ಒಂಟಿ: ಜಪಾನಿಗೆ, ಜಪಾನಿನಲ್ಲಿ; ಹಾಗೆಯೇ ಓರ್ಮಾನಿಗೆ, ಓರ್ಮಾನಿನಲ್ಲಿ. ಹ್ರಸ್ವವಾಗಿದ್ದರೆ ವ್ಯಂಜನ ಇಮ್ಮಡಿ: ಲಂಡನ್ನಿಗೆ, ಪ್ಯಾರಿಸ್ಸಿನಲ್ಲಿ, ಹಾಗೆಯೇ ಕೆಲ್ದಿನ್ನಿಗೆ. ಬಸ್ ಬಸ್ಸಾಗಿ, ಕಾರ್ ಬರೀ ಕಾರಾಗಿ ಉಳಿದದ್ದೂ ಇದೇ ಲೆಕ್ಕದಲ್ಲಿ.

ಎರಡನೆಯದು ಹೆಸರನ್ನು ಮುಟ್ಟದೆ ಪ್ರತ್ಯಯವನ್ನು ಪಕ್ಕದಲ್ಲಿ ನಿಲ್ಲಿಸುವುದು: ಕೆಲ್ದಿನ್‌ಗೆ, ಕೆಲ್ದಿನ್‌ನಲ್ಲಿ. ನಿಮ್ಮ ಅಚ್ಚಿನ ತೊಂದರೆ ಇರುವುದು ಇಲ್ಲಿ. 'ನ್' ಮತ್ತು 'ಗೆ' ಅಂಟಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆ ಇರಬೇಕು. ಅದರ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್, ಸಂಕೇತ 200ಸಿ. ಅದು ಇಲ್ಲದಿದ್ದರೆ 'ಕೆಲ್ದಿನ್ಗೆ' ಎಂದು ಗಕಾರ ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. ಪುಟವಿನ್ಯಾಸಕ್ಕಾಗಿ ಕಡತವನ್ನು ಯೂನಿಕೋಡ್ ಅಲ್ಲದ ಫಾಂಟಿಗೆ ಪರಿವರ್ತಿಸುವಾಗ, ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ನಕಲಿಸುವಾಗ ಈ ಚಿಹ್ನೆ ಕಳೆದುಹೋಗುವುದುಂಟು. ಕರಡಚ್ಚು ಕೈಗೆ ಬಂದಾಗ 'ನ್ಗೆ', 'ರ್ಗೆ', 'ಸ್ಗೆ' ಇವನ್ನೇ ಹುಡುಕಿ. ರೇಫದ ಮೇಲೆ ವಿಶೇಷ ಕಣ್ಣಿರಲಿ: 'ಗಲ್ಮಾರ್‌ಗೆ' ಎಂಬುದು 'ಗಲ್ಮಾರ್ಗೆ' ಆದರೆ ಓದುಗನಿಗೆ ಕಾಣುವುದು ಯಾವುದೋ 'ಮಾರ್ಗ'. ನಮ್ಮ ಮತ ಮೊದಲನೆಯ ಕ್ರಮಕ್ಕೆ. ಅದು ಯಾವ ಫಾಂಟಿನಲ್ಲೂ ಕೆಡುವುದಿಲ್ಲ, ಮಾತಿನಂತೆ ಓಡುತ್ತದೆ.

ಪ್ರಶ್ನೆ: ಇಂಗ್ಲಿಷಿನಲ್ಲಿ ದೊಡ್ಡಕ್ಷರ ಹಾಕಿದರೆ ಅಂಕಿತನಾಮವೆಂದು ಗೊತ್ತಾಗುತ್ತದೆ. 'ಅವರು ಕಪ್ಪು ಕಾಡು ದಾಟಿದರು' ಎಂದರೆ ಅದು ಹೆಸರೋ ಬಣ್ಣನೆಯೋ ತಿಳಿಯುವುದು ಹೇಗೆ?

ಉತ್ತರ: ನಮ್ಮ ಲಿಪಿಯಲ್ಲಿ ದೊಡ್ಡಕ್ಷರವಿಲ್ಲ, ಆದರೆ ಆ ಕೆಲಸ ಮಾಡುವ ಸಮಾಸವಿದೆ. ಬಿಡಿಬಿಡಿಯಾಗಿ 'ಕಪ್ಪು ಕಾಡು' ಎಂದರೆ ಬಣ್ಣನೆ. ಕೂಡಿಸಿ 'ಕರಿಗಾಡು' ಎಂದರೆ ಹೆಸರು. ಕಕಾರ ಗಕಾರವಾದ ಆದೇಶಸಂಧಿಯೇ 'ಇದು ಒಂದೇ ಪದ' ಎಂದು ಕಿವಿಗೆ ಹೇಳುತ್ತದೆ. ಮಳೆಗಾಲ, ಬೆಟ್ಟದಾವರೆ, ಸುಡುಗಾಡು ಹೀಗೇ ಆದವು. ಅರ್ಥವಾಗುವ ಹೆಸರು ಕಟ್ಟುವಾಗ ಬಳಕೆಯ ಗುಣವಾಚಕದ ಬದಲು ಅದರ ಹಳೆಯ ಅಥವಾ ಮೊಟಕು ರೂಪ ಹಾಕಿ. ಕೆಂಪು ಬದಲು ಕೆಂ (ಕೆಂದಾವರೆಯ ಹಾಗೆ), ಬಿಳಿ ಬದಲು ಬೆಳ್ (ಬೆಳ್ಮುಗಿಲಿನ ಹಾಗೆ), ಹಿರಿಯ ಬದಲು ಹಿರೇ, ಪಶ್ಚಿಮ ಬದಲು ಪಡು, ಪೂರ್ವ ಬದಲು ಮೂಡು, ದಕ್ಷಿಣ ಬದಲು ತೆಂಕ, ಉತ್ತರ ಬದಲು ಬಡಗ. 'ಕೆಂಪು ಹೊಳೆ' ಯಾವುದೋ ಹೊಳೆ. 'ಕೆಂಬೊಳೆ' ಎಂದರೆ ಒಂದೇ ಒಂದು ಹೊಳೆ. (ಹೊಳೆಯ ಹಳೆಯ ರೂಪ ಪೊಳೆ, ಆ ಪಕಾರವೇ ಇಲ್ಲಿ ಬಕಾರವಾಗಿರುವುದು.)

ಇನ್ನೊಂದು ಸಾಧನ 'ಎಂಬ'. ಮೊದಲ ಸಲ ಬಂದಾಗ 'ಕರಿಗಾಡು ಎಂಬ ಕಾಡು' ಎಂದುಬಿಟ್ಟರೆ ಮುಂದಿನದು ಸಲೀಸು. ಉದ್ಧರಣ ಚಿಹ್ನೆ ಬೇಕಾದರೆ ಆ ಮೊದಲ ಸಲಕ್ಕೆ ಮಾತ್ರ. ಪ್ರತಿ ಪುಟದಲ್ಲೂ ಹೆಸರಿಗೆ ಚಿಹ್ನೆ ಹಾಕಿದರೆ ಬರೆದವನಿಗೇ ಆ ಊರಿನ ಮೇಲೆ ನಂಬಿಕೆಯಿಲ್ಲವೇನೋ ಅನ್ನಿಸುತ್ತದೆ.

ಪದಗಳ ಸರಣಿಯನ್ನೂ ನೋಡಿಕೊಳ್ಳಿ. ಕನ್ನಡದಲ್ಲಿ ಅಂಕಿತ ಮೊದಲು, ರೂಢನಾಮ ಆಮೇಲೆ: ವಿಕ್ಟೋರಿಯಾ ಸರೋವರ, ಎವರೆಸ್ಟ್ ಶಿಖರ. 'ಸರೋವರ ಇಲ್ಮೆ', 'ಕೋಟೆ ದರ್ವನ್' ಎಂದು ಹಿಂದುಮುಂದಾಗಿ ಬರೆದರೆ ಇಂಗ್ಲಿಷ್ ನಕ್ಷೆಯ ವಾಸನೆ ಹೊಡೆಯುತ್ತದೆ.

ಪ್ರಶ್ನೆ: 'ಕ್'ಥಾರ್', 'ಶಾ'ಇಲ್' ಹೀಗೆ ನಡುವೆ ಮೇಲುಕೊಂಡಿ ಹಾಕಬಹುದೇ?

ಉತ್ತರ: ಹಾಕದಿರುವುದೇ ಮೇಲು. ಆ ಚಿಹ್ನೆ ಗಂಟಲು ತಡೆದು ಬಿಡುವ ಒಂದು ಧ್ವನಿಯನ್ನೋ, ಬಿಟ್ಟುಹೋದ ಅಕ್ಷರವನ್ನೋ ಸೂಚಿಸುವುದು ರೋಮನ್ ಲಿಪಿಯಲ್ಲಿ. ಕನ್ನಡದ ಓದುಗ ಅದನ್ನು ಉಚ್ಚರಿಸುವುದಿಲ್ಲ, ದಾಟಿ ಹೋಗುತ್ತಾನೆ. ಮೇಲಾಗಿ ಸಂಭಾಷಣೆಯ ಒಂಟಿ ಉದ್ಧರಣದೊಳಗೆ ಅಂಥ ಹೆಸರು ಬಂದರೆ ಮಾತು ಎಲ್ಲಿ ಮುಗಿಯಿತೆಂದೇ ತಿಳಿಯದು. ನಿಮ್ಮ ಪ್ರಶ್ನೆಯ ಮೊದಲ ಸಾಲನ್ನೇ ಇನ್ನೊಮ್ಮೆ ನೋಡಿ. ಮೂರು ವ್ಯಂಜನದ ಒತ್ತನ್ನೂ ಹೆಸರಿನ ಮೊದಲಲ್ಲಿ ಇಡಬೇಡಿ. 'ಸ್ತ್ರ' ನಮಗೆ 'ಸ್ತ್ರೀ'ಯಿಂದ ಪರಿಚಿತ, 'ಕ್ಥ್ರ' ಅಲ್ಲ.

ಪ್ರಶ್ನೆ: ಸಂಸ್ಕೃತ ಪದಕ್ಕೆ ಕನ್ನಡದ 'ಹಳ್ಳಿ', 'ಕೆರೆ' ಸೇರಿಸಿದರೆ ಅರಿಸಮಾಸ ದೋಷ ಎನ್ನುತ್ತಾರೆ. ಹೆಸರುಗಳಿಗೂ ಈ ನಿಷೇಧ ಉಂಟೇ? 'ಪುರ', 'ಊರು', 'ಹಳ್ಳಿ' ಇವುಗಳಲ್ಲಿ ಯಾವುದನ್ನು ಎಲ್ಲಿ ಹಾಕಬೇಕು?

ಉತ್ತರ: ಅರಿಸಮಾಸದ ನಿಯಮ ಹಳೆಯದು. 13ನೇ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವೂ ಅದನ್ನು ಹೇಳುತ್ತದೆ, ಜೊತೆಗೆ ಬಿರುದುಗಳು ಮುಂತಾದ ಕಡೆ ವಿನಾಯಿತಿಯನ್ನೂ ಕೊಡುತ್ತದೆ. ಊರುಗಳ ಹೆಸರಂತೂ ವೈಯಾಕರಣರನ್ನು ಕೇಳಿ ಹುಟ್ಟಿದವಲ್ಲ. ಹಾಗಾಗಿ ನಿಷೇಧವೆಂದು ಹೆದರುವುದು ಬೇಡ, ಕಿವಿಯನ್ನು ನಂಬಿ. ಮೇಘ, ಆಲಯ ಎರಡೂ ಸಂಸ್ಕೃತ; 1972ರಲ್ಲಿ ಪೂರ್ಣ ರಾಜ್ಯವಾದ ಮೇಘಾಲಯಕ್ಕೆ ಹೊಸದಾಗಿ ಕಟ್ಟಿದ ಹೆಸರಾದರೂ ಎಲ್ಲೂ ತೇಪೆ ಕಾಣುವುದಿಲ್ಲ. 'ಮುಗಿಲಾಲಯ' ಎನ್ನಿ, ಹೊಲಿಗೆ ಎದ್ದು ಕಾಣುತ್ತದೆ. ಮಿಶ್ರಣ ಬೇಕಾದರೆ ನಡುವೆ ಷಷ್ಠಿ ಇಡಿ: 'ಚಂದ್ರಹಳ್ಳಿ'ಗಿಂತ 'ಚಂದ್ರನಹಳ್ಳಿ', 'ರಾಜಕೆರೆ'ಗಿಂತ 'ರಾಜನಕೆರೆ' ಹಗುರ. ಆ ಒಂದು ನಕಾರದಿಂದ ಊರಿಗೆ ಒಡೆಯನೊಬ್ಬನೂ ಹುಟ್ಟಿಕೊಳ್ಳುತ್ತಾನೆ.

ಯಾವ ಬಾಲ ಎಲ್ಲಿ ಎನ್ನುವುದು ವ್ಯಾಕರಣಕ್ಕಿಂತ ಇತಿಹಾಸಕ್ಕೆ ಸೇರಿದ ಪ್ರಶ್ನೆ, ಫ್ಯಾಂಟಸಿಗೆ ದೊಡ್ಡ ಬಂಡವಾಳವೂ ಹೌದು. 'ಪುರ', 'ಪಟ್ಟಣ' ಎಂದರೆ ಯಾರೋ ಅರಸನೋ ಅಧಿಕಾರಿಯೋ ನಿಂತು ಕಟ್ಟಿಸಿದ ಊರಿನ ಭಾವ. 'ಪಾಳ್ಯ' ಎಂದರೆ ದಂಡು ಬೀಡುಬಿಟ್ಟ ಜಾಗ. 'ಪೇಟೆ' ವ್ಯಾಪಾರದ್ದು, 'ಹಟ್ಟಿ' ದನಕುರಿ ಸಾಕುವವರದ್ದು. 'ಕೆರೆ', 'ಕಟ್ಟೆ', 'ಸಮುದ್ರ' ನೀರು ನಿಲ್ಲಿಸಿದ ಮೇಲೆ ಬೆಳೆದ ಊರುಗಳಿಗೆ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವ ರೂಢಿ ಇತ್ತು. ನಿಮ್ಮ ನಕ್ಷೆಯ ಇಪ್ಪತ್ತು ಊರುಗಳೂ 'ಪುರ'ದಲ್ಲೇ ಮುಗಿದರೆ ಆ ನಾಡನ್ನು ಒಬ್ಬನೇ ರಾಜ ಒಂದೇ ವಾರದಲ್ಲಿ ಕಟ್ಟಿಸಿದಂತೆ ಕಾಣುತ್ತದೆ. ಗಡಿಯ ಕಡೆ ಪಾಳ್ಯ, ಹಟ್ಟಿಗಳು, ಹೊಳೆಯ ಬಯಲಿನಲ್ಲಿ ಕೆರೆ, ಊರುಗಳು, ರಾಜಮಾರ್ಗದ ಮೇಲೆ ಪುರ, ಪೇಟೆಗಳು ಎಂದು ಹಂಚಿ. ಓದುಗ ಹೆಸರು ನೋಡಿಯೇ ತಾನು ಎಲ್ಲಿದ್ದೇನೆಂದು ಊಹಿಸಲಿ.

ಸಂಧಿ ಮಾಡುವುದೋ ಬಿಡುವುದೋ ಎಂಬುದರಲ್ಲೂ ಸ್ವಾತಂತ್ರ್ಯವಿದೆ. ದಾವಣಗೆರೆಯಲ್ಲಿ ಕೆರೆ ಗೆರೆಯಾಗಿದೆ, ಅರಸೀಕೆರೆಯಲ್ಲಿ ಕೆರೆಯಾಗಿಯೇ ಉಳಿದಿದೆ. ಇದನ್ನೇ ಪ್ರಾದೇಶಿಕ ಗುರುತಾಗಿ ಬಳಸಬಹುದು: ಬಡಗಣ ಸೀಮೆಯಲ್ಲಿ ಎಲ್ಲ ಗೆರೆ, ತೆಂಕಣದಲ್ಲಿ ಎಲ್ಲ ಕೆರೆ. ಒಂದೇ ಸೀಮೆಯೊಳಗೆ ಮಾತ್ರ ಬೆರೆಸಬೇಡಿ.

ಪ್ರಶ್ನೆ: ನಾಡಿನ ಹೆಸರು ಗೊತ್ತು. ಅಲ್ಲಿಯ ಜನರನ್ನು ಏನೆಂದು ಕರೆಯಬೇಕು?

ಉತ್ತರ: ಎಲ್ಲ ಹೆಸರಿಗೂ ಹೊಂದುವ ದಾರಿಯೆಂದರೆ ಷಷ್ಠಿಗೆ 'ಅವರು' ಸೇರಿಸುವುದು: ವೆಲಾರೆಯವರು, ಓರ್ಮಾನಿನವರು, ಮಗಧದವರು. ಎಲ್ಲೂ ತಪ್ಪಾಗದು, ಆದರೆ ಜನಾಂಗದ ಹೆಸರಿಗಿರಬೇಕಾದ ಬಿಗಿ ಅದಕ್ಕಿಲ್ಲ. ಉಳಿದ ಮಾದರಿಗಳು ನಮ್ಮ ಬಾಯಲ್ಲೇ ಇವೆ: ಕನ್ನಡಿಗರು, ತೆಲುಗರು, ಬಂಗಾಳಿಗಳು, ಭಾರತೀಯರು. ಒಂದು ನಾಡಿಗೆ ಒಂದು ಮಾದರಿ ಸಾಕು. 'ಇಗ' ಹಚ್ಚುವವರಿಗೆ ಒಂದು ಎಚ್ಚರಿಕೆ: 'ಓರ್ಮಾನಿಗ' ಎಂದರೆ ಮನುಷ್ಯ, 'ಓರ್ಮಾನಿಗೆ' ಎಂದರೆ ಊರಿನ ಚತುರ್ಥಿ. ಒಂದು ಎತ್ವದ ಅಂತರವನ್ನು ಕರಡು ತಿದ್ದುವವರ ಕಣ್ಣು ಎಷ್ಟೋ ಸಲ ಹಿಡಿಯುವುದಿಲ್ಲ. ಬಹುವಚನದಲ್ಲಿ 'ಓರ್ಮಾನಿಗರು' ಎಂದೇ ಬಳಸಿದರೆ ಅಪಾಯ ಕಡಿಮೆ.

ಸಂಸ್ಕೃತದ ಛಾಯೆಯ ನಾಡಾದರೆ ವೃದ್ಧಿಯಷ್ಟು ಸೊಗಸಾದ ಉಪಾಯ ಬೇರೆ ಇಲ್ಲ. ಮಿಥಿಲೆಯವಳು ಮೈಥಿಲಿ, ವಿದೇಹದವಳು ವೈದೇಹಿ, ಕೇಕಯದವಳು ಕೈಕೇಯಿ, ಕೋಸಲದವಳು ಕೌಸಲ್ಯೆ. ಮೊದಲ ಸ್ವರ ಮಾತ್ರ ಹಿಗ್ಗುತ್ತದೆ: ಅಕಾರ ಆ ಆಗುತ್ತದೆ, ಇ, ಈ, ಏ ಇವು ಐ ಆಗುತ್ತವೆ, ಉ, ಊ, ಓ ಇವು ಔ ಆಗುತ್ತವೆ. 'ಸುರಣ' ಎಂಬ ನಾಡು ಕಟ್ಟಿದರೆ ಜನ ಸೌರಣರು, ರಾಜಕುಮಾರಿ ಸೌರಣಿ. ಯಾರೂ ವಿವರಿಸದೆಯೇ ಓದುಗನಿಗೆ ನಂಟು ತಿಳಿಯುತ್ತದೆ. ಆದರೆ ಹ್ರಸ್ವ ಎ, ಒ ಸಂಸ್ಕೃತದಲ್ಲಿಲ್ಲ. 'ವೆಲಾರೆ'ಯಿಂದ 'ವೈಲಾರಿ' ಮಾಡಿದರೆ ಕನ್ನಡದ ಗಿಡಕ್ಕೆ ಬೇರೆ ಮರದ ಹೂ ಕಟ್ಟಿದಂತೆ. ವೃದ್ಧಿ ಬೇಕೆಂದಿದ್ದರೆ ಹೆಸರಿಡುವಾಗಲೇ ಹ್ರಸ್ವ ಎ, ಒ ಮತ್ತು ಳಕಾರ ಬಿಟ್ಟು ಕಟ್ಟಿ.

ಪ್ರಶ್ನೆ: ರಾಜನಿಗೂ ಅವನ ನಗರಕ್ಕೂ ಒಂದೇ ಹೆಸರು ಇಡಬಹುದೇ?

ಉತ್ತರ: ಹೆಸರು ಅಕಾರಾಂತವಾಗಿದ್ದರೆ ಧಾರಾಳವಾಗಿ. 'ಸುರಣಕ್ಕೆ' ಎಂದರೆ ನಗರ, 'ಸುರಣನಿಗೆ' ಎಂದರೆ ರಾಜ. ಪ್ರಥಮೆಯಲ್ಲಿ ಕ್ರಿಯಾಪದ ಬಿಡಿಸಿ ಹೇಳುತ್ತದೆ: 'ಸುರಣ ಬಿತ್ತು', 'ಸುರಣ ಬಿದ್ದ'. ಇಕಾರ, ಎಕಾರಗಳಲ್ಲಿ ಈ ಸೌಕರ್ಯವಿಲ್ಲ. 'ಮಾಲಿನಿಗೆ', 'ಮಾಲಿನಿಯನ್ನು' ಎಂಬಲ್ಲಿ ಊರೂ ಹೆಂಗಸೂ ಒಂದೇ ರೂಪ.

ಊರೇ ಜೀವಂತವಾಗಿರುವ, ದೇವತೆಯಾಗಿರುವ ಕಥೆಗಳಲ್ಲಿ 'ಮಾಲಿನಿ ಎಚ್ಚೆತ್ತಿತು' ಎನ್ನಬೇಕೋ 'ಎಚ್ಚೆತ್ತಳು' ಎನ್ನಬೇಕೋ ಎಂದು ಇನ್ನೊಬ್ಬರು ಕೇಳಿದ್ದಾರೆ. ನಂಬುವವರ ಬಾಯಲ್ಲಿ 'ಎಚ್ಚೆತ್ತಳು', ನಂಬದವರ ಬಾಯಲ್ಲಿ 'ಎಚ್ಚೆತ್ತಿತು' ಎಂದು ಹಂಚಿಬಿಡಿ. ನಿರೂಪಕ ಯಾವ ಕಡೆ ಎಂಬುದನ್ನು ಮೊದಲ ಅಧ್ಯಾಯಕ್ಕೇ ತೀರ್ಮಾನಿಸಿ.

ಪ್ರಶ್ನೆ: ನನ್ನ ಲೋಕದಲ್ಲಿ ಎರಡು ಜನಾಂಗ, ಎರಡು ಭಾಷೆ. ಪೂರ್ತಿ ಭಾಷೆಗಳನ್ನೇ ಕಟ್ಟುವ ಶಕ್ತಿ ನನಗಿಲ್ಲ. ಊರ ಹೆಸರುಗಳಲ್ಲೇ ವ್ಯತ್ಯಾಸ ತೋರಿಸುವುದು ಹೇಗೆ? ಸಾವಿರ ವರ್ಷ ಹಳೆಯ ಊರೆಂದು ಹೆಸರಿನಿಂದಲೇ ತಿಳಿಯಬೇಕಾದರೆ?

ಉತ್ತರ: ಭಾಷೆ ಬೇಡ, ಅಕ್ಷರಗಳ ಪಟ್ಟಿ ಸಾಕು. ಒಂದು ಜನಾಂಗಕ್ಕೆ ಅಚ್ಚಗನ್ನಡದ ಧ್ವನಿಗಳನ್ನು ಕೊಡಿ: ಮಹಾಪ್ರಾಣವಿಲ್ಲ, ಶ, ಷ ಇಲ್ಲ, ಪದದ ಮೊದಲಲ್ಲಿ ಒತ್ತಕ್ಷರವಿಲ್ಲ, ರ, ಲ ಮೊದಲಲ್ಲಿ ಬರುವುದಿಲ್ಲ, ನಡುವೆ ಳ, ಣ ಧಾರಾಳ, ಕೊನೆಯಲ್ಲಿ ಸ್ವರ. 'ಕೊಣಲೆ', 'ಎಳವಾಡಿ', 'ತೊಳ್ಮಲೆ' ಹೀಗೆ. ಇನ್ನೊಂದಕ್ಕೆ ಅದರ ವಿರುದ್ಧದ್ದು: ಮೊದಲಲ್ಲೇ ಒತ್ತು, ರೇಫ, ಶಕಾರ, ವ್ಯಂಜನಾಂತ; 'ಶ್ರಾವನ್', 'ರುಧ್ವಾರ್', 'ವ್ರಾಶಿಲ್'. ಎಂಟು ಹತ್ತು ಹೆಸರು ಕಂಡ ಮೇಲೆ ಓದುಗ ಹೊಸ ಹೆಸರು ಯಾವ ಜನರದ್ದೆಂದು ತಾನೇ ಹೇಳುತ್ತಾನೆ. ಮಹಾಪ್ರಾಣವೊಂದನ್ನೇ ನಂಬಬೇಡಿ, ಆಡುಮಾತಿನಲ್ಲಿ ಕಕಾರ ಖಕಾರಗಳ ಭೇದ ಎಷ್ಟೋ ಸಲ ಉಳಿಯುವುದಿಲ್ಲ. 'ಕಾರಣೆ', 'ಖಾರಣೆ' ಎಂಬ ಎರಡು ಊರು ಒಂದೇ ಕಥೆಯಲ್ಲಿ ಬೇಡವೇ ಬೇಡ.

ಧ್ವನಿಗೂ ಆಕಾರಕ್ಕೂ ನಂಟಿದೆ ಎಂಬುದಕ್ಕೆ ಪ್ರಯೋಗಗಳ ಆಧಾರವಿದೆ. 2001ರಲ್ಲಿ ರಾಮಚಂದ್ರನ್ ಮತ್ತು ಹಬ್ಬರ್ಡ್ ಪ್ರಕಟಿಸಿದ ಲೇಖನದಿಂದ 'ಬೂಬಾ, ಕೀಕಿ' ಜೋಡಿ ಹೆಸರಾಯಿತು: ಗುಂಡಗಿನ ಆಕೃತಿಗೆ ಬೂಬಾ, ಮೊನೆಮೊನೆಯದಕ್ಕೆ ಕೀಕಿ ಎಂದು ಬಹುತೇಕರು ಹೊಂದಿಸುತ್ತಾರೆ. ಹಾಗೆಂದು ಕೇಡಿಗರ ಊರೆಲ್ಲ ಕ, ಟ, ಖ; ಒಳ್ಳೆಯವರದ್ದೆಲ್ಲ ಲ, ಮ, ನ ಎಂದು ಹಂಚುವುದು ಸವಕಲು ಹಾದಿ. ಕೇಡಿಗರ ರಾಜಧಾನಿಗೆ 'ಅಲಮೆ' ಎಂಬ ಮೆತ್ತನೆಯ ಹೆಸರಿಟ್ಟರೆ ಹೆದರಿಕೆ ಇನ್ನೂ ಹೆಚ್ಚು.

ಹಳೆಯತನ ತೋರಿಸಲು ಹೆಸರನ್ನು ಸವೆಸಬೇಕು. ವಾತಾಪಿ ಬಾದಾಮಿಯಾಯಿತು, ಮಾನ್ಯಖೇಟ ಮಳಖೇಡವಾಯಿತು. ಇಂಗ್ಲೆಂಡಿನ ಯಾರ್ಕ್ ನಗರ ರೋಮನ್ನರ ಕಾಲದಲ್ಲಿ ಎಬೋರಾಕಮ್. ಆಂಗ್ಲರು ಅದನ್ನು ತಮ್ಮ ಬಾಯಿಗೆ ಹೊಂದಿಸಿಕೊಂಡರು, 866ರಲ್ಲಿ ಊರು ಹಿಡಿದ ವೈಕಿಂಗರ ಬಾಯಲ್ಲಿ ಯೋರ್ವಿಕ್ ಆಯಿತು, ಕೊನೆಗೆ ಯಾರ್ಕ್. ಪ್ರತಿ ದಂಡಯಾತ್ರೆಯೂ ಹೆಸರಿನಿಂದ ಒಂದು ಚೂರು ಕಿತ್ತಿದೆ. ನೀವು ಎರಡು ಮೂರು ನಿಯಮ ಇಟ್ಟುಕೊಂಡು ಎಲ್ಲ ಹೆಸರಿಗೂ ಒಂದೇ ರೀತಿ ಹಾಯಿಸಿ. ಕನ್ನಡದಲ್ಲಿ ನಿಜವಾಗಿ ನಡೆದದ್ದೇ ಒಳ್ಳೆಯ ಮಾದರಿ: ಮೊದಲ ಪಕಾರ ಹಕಾರವಾಗುತ್ತದೆ (ಪಳ್ಳಿ ಹಳ್ಳಿಯಾದಂತೆ), ಕೊನೆಯ ವ್ಯಂಜನಕ್ಕೆ ಉಕಾರ ಹತ್ತುತ್ತದೆ, ನಡುವಿನ ಯಕಾರ ಕರಗುತ್ತದೆ. 'ಪಿರಿಯಗಲ್' ಮೊದಲು 'ಹಿರಿಯಗಲ್ಲು', ಆಮೇಲೆ 'ಹಿರೇಗಲ್ಲು'. ಮೊದಲನೆಯದನ್ನು ಶಾಸನದ ಮೇಲೆ ಕೆತ್ತಿಸಿ, ಎರಡನೆಯದನ್ನು ಆಸ್ಥಾನದ ಓಲೆಯಲ್ಲಿ ಬರೆಸಿ, ಮೂರನೆಯದನ್ನು ಗಾಡಿ ಹೊಡೆಯುವವನ ಬಾಯಲ್ಲಿ ಆಡಿಸಿ. ಬಳಕೆ ತಪ್ಪಿದ ಱ, ೞ ಅಕ್ಷರಗಳು ಯೂನಿಕೋಡಿನಲ್ಲಿವೆ. ಶಾಸನದ ಸಾಲಿಗೆ ಚೆನ್ನ. ಓದಬರುವವರು ಕಡಿಮೆ, ಆದ್ದರಿಂದ ಮತ್ತೆ ಮತ್ತೆ ಬರುವ ಹೆಸರಿಗೆ ಬೇಡ.

ಪ್ರಶ್ನೆ: ಓದಿದವರೆಲ್ಲ ಊರುಗಳನ್ನು ಅದಲುಬದಲು ಮಾಡುತ್ತಾರೆ: ಮಾಳವೆ, ಮೀರಣ, ಮೋಹಳ್ಳಿ, ಮೇಲಾರ.

ಉತ್ತರ: ನಾಲ್ಕೂ ಮಕಾರ. ಓದುವವರು ಹೆಸರನ್ನು ಪ್ರತಿ ಸಲ ಅಕ್ಷರ ಬಿಡಿಸಿ ಓದುವುದಿಲ್ಲ. ಮೊದಲ ಅಕ್ಷರ, ಉದ್ದ, ಒತ್ತಿನ ಜಾಗ ನೋಡಿ ಮುಂದೆ ಹೋಗುತ್ತಾರೆ. ಗುಣಿತ ಬದಲಾದರೆ ಸಾಲದು, ವರ್ಗವೇ ಬದಲಾಗಲಿ. ಒಂದೇ ಪುಟದಲ್ಲಿ ಹೆಚ್ಚಾಗಿ ಕೂಡಿ ಬರುವ ಜೋಡಿಗಳನ್ನು ಮೊದಲು ಬೇರ್ಪಡಿಸಿ. ಒಂದು ಎರಡಕ್ಷರದ್ದು, ಇನ್ನೊಂದು ನಾಲ್ಕಕ್ಷರದ್ದು ಮಾಡಿದರೂ ಅರ್ಧ ಕೆಲಸ ಆದಂತೆ.

ಪ್ರಶ್ನೆ: ಮುನ್ನೂರು ಪುಟ ಬರೆದ ಮೇಲೆ ಊರಿನ ಹೆಸರು 'ಮಾರ' ಬೇಡ, 'ಸೋರಿ' ಇರಲಿ ಎನ್ನಿಸಿತು. ಕಂಪ್ಯೂಟರಿನಲ್ಲಿ ಒಂದೇ ಸಲ ಬದಲಿಸಿದೆ. ಎಲ್ಲ ಕೆಟ್ಟಿತು.

ಉತ್ತರ: ಎರಡು ತೊಂದರೆ ಒಟ್ಟಿಗೆ ಆಗಿವೆ. 'ಮಾರ' ಎಂಬ ತುಣುಕು ಕುಮಾರ, ಸುಮಾರು, ಮಾರಾಟ ಎಲ್ಲದರೊಳಗೂ ಇದೆ. ಯೂನಿಕೋಡಿನಲ್ಲಿ ಗುಣಿತದ ಚಿಹ್ನೆ ಬೇರೆಯೇ ಸಂಕೇತವಾದ್ದರಿಂದ 'ಸುಮಾರು'ವಿನ ರಕಾರವೂ ಹುಡುಕಾಟಕ್ಕೆ ಸಿಕ್ಕಿಬೀಳುತ್ತದೆ. 'ಕುಮಾರ' ಎಂಬ ಪಾತ್ರವಿದ್ದರೆ ಅವನು 'ಕುಸೋರಿ' ಆಗಿರುತ್ತಾನೆ. ಇನ್ನು, ಅಕಾರಾಂತದ ಜಾಗಕ್ಕೆ ಇಕಾರಾಂತ ಬಂದದ್ದರಿಂದ 'ಮಾರದಲ್ಲಿ' ಇದ್ದದ್ದು 'ಸೋರಿದಲ್ಲಿ' ಆಗಿದೆ, 'ಮಾರಕ್ಕೆ' ಇದ್ದದ್ದು 'ಸೋರಿಕ್ಕೆ' ಆಗಿದೆ. ಪೂರ್ಣಪದ ಮಾತ್ರ ಹುಡುಕು ಎಂಬ ಆಯ್ಕೆಯೂ ಉಳಿಸುವುದಿಲ್ಲ, ಅದು ಪ್ರತ್ಯಯವಿಲ್ಲದ 'ಮಾರ'ವನ್ನಷ್ಟೇ ಹಿಡಿಯುತ್ತದೆ.

ಹಳೆಯ ಪ್ರತಿಯಿಂದ ಮತ್ತೆ ಶುರುಮಾಡಿ. ಮೊದಲು ರೂಪಗಳ ಪಟ್ಟಿ ಬರೆದುಕೊಳ್ಳಿ: ಮಾರವನ್ನು, ಮಾರದಿಂದ, ಮಾರಕ್ಕೆ, ಮಾರದ, ಮಾರದಲ್ಲಿ, ಆಮೇಲೆ ಮಾರವೂ, ಮಾರವೇ, ಮಾರಕ್ಕೂ, ಮಾರದಲ್ಲೇ, ಮಾರದವರು, ಮಾರವೆಂಬ, ಮಾರವೆಂದರೆ. ಉದ್ದದ ರೂಪದಿಂದ ಗಿಡ್ಡದ ಕಡೆಗೆ ಒಂದೊಂದಾಗಿ ಬದಲಿಸಿ. 'ಮಾರದ' ಮೊದಲು ಹೋದರೆ 'ಮಾರದಲ್ಲಿ' ಅರ್ಧಕ್ಕೆ ತುಂಡಾಗುತ್ತದೆ. ಪ್ರತಿ ಹುಡುಕಾಟದಲ್ಲೂ ಪದಕ್ಕಿಂತ ಮೊದಲು ಒಂದು ತೆರಪು ಸೇರಿಸಿ ಹುಡುಕಿದರೆ 'ಕುಮಾರ' ಬದುಕಿಕೊಳ್ಳುತ್ತಾನೆ. ಪ್ಯಾರಾದ ಮೊದಲಲ್ಲಿ, ಉದ್ಧರಣ ಚಿಹ್ನೆಯ ಪಕ್ಕದಲ್ಲಿ ಬಂದವನ್ನು ಆಮೇಲೆ ಕಣ್ಣಾರೆ ನೋಡಿ ತಿದ್ದಿ. ಕೊನೆಗೆ ಒಂಟಿ 'ಮಾರ'. ಅದನ್ನು ಒಂದೇ ಏಟಿಗೆ ಬದಲಿಸಬೇಡಿ, ಒಂದೊಂದನ್ನೇ ನೋಡಿ ಒಪ್ಪಿಗೆ ಕೊಡಿ.

ಹೆಸರು ಇನ್ನೂ ಗಟ್ಟಿಯಾಗಿಲ್ಲದಿದ್ದರೆ ಮುಂದಿನ ಸಲ ಅಂತ್ಯವನ್ನಷ್ಟೇ ತೀರ್ಮಾನಿಸಿ ಬರವಣಿಗೆ ಶುರುಮಾಡಿ. ಅಕಾರಾಂತ ಬೇಕೆಂದಾದರೆ ಸದ್ಯಕ್ಕೆ 'ಝಝಪುರ', ಎಕಾರಾಂತ ಬೇಕೆಂದಾದರೆ 'ಝಝಗೆರೆ' ಎಂದು ಹಾಕಿಡಿ. 'ಝಝ' ಬೇರೆ ಯಾವ ಪದದೊಳಗೂ ಸಿಗುವ ಸಂಭವವಿಲ್ಲ. ಅದೇ ಅಂತ್ಯದ ನಿಜ ಹೆಸರು ಸಿಕ್ಕ ದಿನ ಒಂದೇ ಸಲ ಬದಲಿಸಿದರೂ ಎಲ್ಲ ಪ್ರತ್ಯಯಗಳೂ ಸರಿಯಾಗಿ ಕೂರುತ್ತವೆ. 'ತಮರು' ಥರದ ಉಕಾರ ಬೀಳುವ ಹೆಸರಾದರೆ ಕೊನೆಯ ಕೊಂಬು ಬಿಟ್ಟು 'ತಮರ' ಎಂದಷ್ಟೇ ಹುಡುಕಿ, 'ಕೊಣಲ' ಎಂದು ಬದಲಿಸಿ. ಗುಣಿತದ ಚಿಹ್ನೆಗಳು ಇದ್ದಲ್ಲೇ ಉಳಿದು 'ತಮರಿಗೆ' ಇದ್ದದ್ದು 'ಕೊಣಲಿಗೆ' ಆಗುತ್ತದೆ, 'ತಮರು' ಇದ್ದದ್ದು 'ಕೊಣಲು' ಆಗುತ್ತದೆ.